ಮಲಗಿ ನೋಡಿದಾಗ ಸಿಗುವ ತಪ್ಪುಗಳು: ಮಲಗುವ ಕೋಣೆಯ ಸೀಲಿಂಗ್ ಲೈಟುಗಳ ದೋಷ ನಿವಾರಣೆ

"ಲೈಟ್ ಹತ್ತುತ್ತಿಲ್ಲ" ಅನ್ನುವ ದೂರು ಸುಲಭದ್ದು. ಎಲ್ಲೋ ಒಂದು ವೈರು ಬಿಟ್ಟಿರುತ್ತದೆ, ಇಲ್ಲವೇ ಎಲ್‌ಇಡಿಗೆ ತಕ್ಕಂತೆ ಕರೆಂಟನ್ನು ಹದಮಾಡಿ ಕೊಡುವ ಡ್ರೈವರ್ ಸುಟ್ಟಿರುತ್ತದೆ. ಹುಡುಕಿದರೆ ಸಿಕ್ಕೇ ಸಿಗುತ್ತದೆ. "ಎಲ್ಲ ಲೈಟೂ ಹತ್ತುತ್ತವೆ, ಆದರೂ ರೂಮು ಯಾಕೋ ಸರಿ ಅನ್ನಿಸುತ್ತಿಲ್ಲ" ಅನ್ನುವುದೇ ಕಷ್ಟದ ದೂರು. ಸೀಲಿಂಗಿನೊಳಗೆ ಹುದುಗಿಸುವ ಡೌನ್‌ಲೈಟುಗಳ ವಿಷಯದಲ್ಲಿ, ಅದರಲ್ಲೂ ಮಲಗುವ ಕೋಣೆಯಲ್ಲಿ, ಈ ಎರಡನೆಯ ದೂರೇ ಹೆಚ್ಚು ಕೇಳಿಸುತ್ತದೆ. ನಕ್ಷೆ ಬರೆಯುವವರು ಸೀಲಿಂಗನ್ನು ಕಾಗದದ ಮೇಲೆ ನೋಡುತ್ತಾರೆ. ಕೂರಿಸುವವರು ಏಣಿಯ ಮೇಲೆ ನಿಂತು ನೋಡುತ್ತಾರೆ. ಕೆಲಸ ಮುಗಿಯಿತು ಅಂತ ಒಪ್ಪಿಕೊಳ್ಳುವವರು ಬಾಗಿಲಲ್ಲಿ ನಿಂತು ನೋಡುತ್ತಾರೆ. ಆ ರೂಮಿನಲ್ಲಿ ಇರುವವರು ಮಾತ್ರ ದಿನಾ ಅದನ್ನು ಮಲಗಿ ನೋಡುತ್ತಾರೆ.

ಹಾಗಾಗಿ ಇಲ್ಲಿ ಮೊದಲು ಬೇಕಾದ ಉಪಕರಣ ಹಾಸಿಗೆ. ಟೆಸ್ಟರು, ಸ್ಕ್ರೂಡ್ರೈವರು ಆಮೇಲೆ.

ಏಣಿ ಹತ್ತುವ ಮೊದಲು

ರಾತ್ರಿ ಪರದೆ ಎಳೆದು, ಟೇಬಲ್ ಲ್ಯಾಂಪು, ಟಿವಿ ಎಲ್ಲ ಆರಿಸಿ, ಸೀಲಿಂಗ್ ಲೈಟುಗಳನ್ನಷ್ಟೇ ಹಾಕಿ. ಒಂದು ಕಾಗದದಲ್ಲಿ ರೂಮಿನ ಚೌಕ ಬರೆದು, ಬಾಗಿಲ ಬಳಿಯಿಂದ ಶುರುಮಾಡಿ ಒಂದೊಂದು ಲೈಟಿಗೂ ನಂಬರು ಕೊಡಿ. "ಆ ಮೂಲೆಯದು", "ಕಿಟಕಿ ಹತ್ತಿರದ್ದು" ಅಂತ ಮಾತಾಡಿಕೊಂಡು ತಪ್ಪು ಲೈಟನ್ನು ಬಿಚ್ಚಿದವರನ್ನು ನೋಡಿದ್ದೇನೆ; ನಾನೂ ಬಿಚ್ಚಿದ್ದೇನೆ.

ಈಗ ಎಂದಿನ ಜಾಗದಲ್ಲಿ ಎಂದಿನಂತೆ ಮಲಗಿ. ಎರಡು ನಿಮಿಷ ಮೇಲೆ ನೋಡಿ, ಪಕ್ಕಕ್ಕೆ ಹೊರಳಿ ನೋಡಿ. ಯಾವ ನಂಬರಿನ ಲೈಟು ಕಣ್ಣಿಗೆ ನೇರ ಹೊಡೆಯುತ್ತದೆ ಅಂತ ಬರೆದುಕೊಳ್ಳಿ. ಹಾಸಿಗೆಗೆ ಒರಗಿ ಕೂತು ಪುಸ್ತಕ ಹಿಡಿಯಿರಿ: ನಿಮ್ಮದೇ ತಲೆಯ ನೆರಳು ಪುಟದ ಮೇಲೆ ಬೀಳುತ್ತದೆಯೇ? ಎದ್ದು ಬೀರುವಿನ ಬಾಗಿಲು ತೆರೆದು ಕೆಳಗಿನ ಅರೆಯಲ್ಲಿ ಕಪ್ಪು ಬಟ್ಟೆಯನ್ನೂ ಕಡುನೀಲಿ ಬಟ್ಟೆಯನ್ನೂ ಬೇರೆ ಮಾಡಲಾಗುತ್ತದೆಯೇ ನೋಡಿ. ಫ್ಯಾನ್ ಇದ್ದರೆ ಅದನ್ನು ಹಾಕಿ ಗೋಡೆಯ ಮೇಲೆ ಕಣ್ಣಿಡಿ. ಕೊನೆಗೆ ಲೈಟುಗಳನ್ನೆಲ್ಲ ಅರ್ಧ ಗಂಟೆ ಉರಿಯಲು ಬಿಟ್ಟು ಮತ್ತೆ ಬಂದು ಎಣಿಸಿ.

ಇಷ್ಟರಲ್ಲಿ ತಪ್ಪು ಮೂರರಲ್ಲಿ ಯಾವ ಜಾತಿಯದು ಅಂತ ಗೊತ್ತಾಗುತ್ತದೆ. ಜಾಗ ಬದಲಿಸಿದರೆ ಸರಿಹೋಗುವಂಥದ್ದು, ಲೈಟು ಬದಲಿಸಿದರೆ ಸರಿಹೋಗುವಂಥದ್ದು, ವೈರಿಂಗ್ ನೋಡಲೇಬೇಕಾದದ್ದು. ಮೊದಲ ಜಾತಿಯ ತಪ್ಪಿಗೆ ಎರಡನೆಯದರ ಮದ್ದು ಹಾಕುವುದೇ ಎಲ್ಲಕ್ಕಿಂತ ಹೆಚ್ಚು ದುಡ್ಡು ಕಳೆಯುವ ದಾರಿ.

ಕಣ್ಣಿಗೆ ಚುಚ್ಚುತ್ತದೆ

ಇದಕ್ಕೆ ಹತ್ತರಲ್ಲಿ ಒಂಬತ್ತು ಸಲ ಕಾರಣ ಒಂದೇ ಅಂತ ನನ್ನ ಅನುಭವ. ಸೀಲಿಂಗನ್ನು ಸಮವಾಗಿ ಭಾಗ ಮಾಡಿ, ಎರಡು ಸಾಲು, ಸಾಲಿಗೆ ಮೂರು ಅಂತ ತೂತು ಕೊರೆದಿರುತ್ತಾರೆ. ಕೆಳಗೆ ಮಂಚ ಎಲ್ಲಿ ಬರುತ್ತದೆ ಅಂತ ಕೇಳಿರುವುದಿಲ್ಲ. ಒಂದು ಸಾಲು ಸರಿಯಾಗಿ ದಿಂಬಿನ ಮೇಲೆ ಬಂದು ಕೂರುತ್ತದೆ.

ಇಂಥ ಕಡೆ ಜನ ಮೊದಲು ಮಾಡುವುದು ಕಡಿಮೆ ವ್ಯಾಟಿನ ಲೈಟು ಹಾಕುವುದು, ಇಲ್ಲವೇ ಬೆಳಕು ಏರಿಸಿ ಇಳಿಸುವ ಡಿಮ್ಮರ್ ಕೂರಿಸುವುದು. ಎರಡರಿಂದಲೂ ಪೂರ್ತಿ ಗುಣವಾಗದು. ಚುಚ್ಚುವುದು ರೂಮಿನ ಒಟ್ಟು ಬೆಳಕಲ್ಲ. ಕತ್ತಲೆಯ ಸೀಲಿಂಗಿನ ನಡುವೆ ಕಾಣುವ ಆ ಪುಟ್ಟ ಉರಿಯುವ ಬಿಲ್ಲೆ. ಬೆಳಕು ಇಳಿಸಿದಂತೆಲ್ಲ ಕಣ್ಣಿನ ಪಾಪೆಯೂ ಹಿಗ್ಗುತ್ತದೆ, ಸುತ್ತಲಿನ ಸೀಲಿಂಗ್ ಇನ್ನೂ ಕಪ್ಪಾಗುತ್ತದೆ, ಬಿಲ್ಲೆ ಬಿಲ್ಲೆಯಾಗಿಯೇ ಉಳಿಯುತ್ತದೆ.

ನೋಡಬೇಕಾದದ್ದು ಎಲ್‌ಇಡಿ ಎಷ್ಟು ಒಳಗಿದೆ ಅನ್ನುವುದನ್ನು. ಲೈಟಿನ ಬಾಯಿಯ ಮಟ್ಟಕ್ಕೇ ಹಾಲುಬಿಳುಪಿನ ಹಾಳೆ ಇದ್ದರೆ ಅದು ರೂಮಿನ ಯಾವ ಮೂಲೆಯಿಂದಲೂ ಕಾಣುತ್ತದೆ. ಎಲ್‌ಇಡಿ ಒಳಗೆ ಸರಿದಿದ್ದರೆ ಬಾಯಿಯ ಅಂಚು ಅದನ್ನು ಮರೆಮಾಡುತ್ತದೆ. ಒಂದು ಲೆಕ್ಕ ನೋಡಿ. ಬಾಯಿ 7.5 ಸೆಂ.ಮೀ. ಅಗಲ, ಎಲ್‌ಇಡಿ 5 ಸೆಂ.ಮೀ. ಒಳಗೆ. ಸೀಲಿಂಗ್ 2.7 ಮೀಟರ್ ಎತ್ತರದಲ್ಲಿದೆ, ಮಲಗಿದವರ ಕಣ್ಣು ನೆಲದಿಂದ 60 ಸೆಂ.ಮೀ. ಮೇಲಿದೆ, ನಡುವಿನ ಅಂತರ 2.1 ಮೀಟರ್. ಅಂಚಿನಿಂದ ಇಣುಕುವ ಗೆರೆಯ ಓರೆ ಸುಮಾರು 37 ಡಿಗ್ರಿ. ಅಂದರೆ ಲೈಟಿನ ನೇರ ಕೆಳಗಿನಿಂದ ಸುಮಾರು 1.6 ಮೀಟರ್ ಆಚೆ ತಲೆ ಇಟ್ಟರೆ ಎಲ್‌ಇಡಿಯ ನಡುಭಾಗ ಕಾಣುವುದಿಲ್ಲ. ಅಷ್ಟರೊಳಗೆ ಇದ್ದರೆ ಕಾಣುತ್ತದೆ, ಎಷ್ಟು ದುಬಾರಿ ಲೈಟಾದರೂ ಕಾಣುತ್ತದೆ.

ಹೀಗಾಗಿ ದಿಂಬಿನ ಮೇಲಿನ ಲೈಟಿನ ಬದಲು ಆಳದ ಲೈಟು ಹಾಕಿದರೂ ಪರಿಹಾರವಿಲ್ಲ. ಅದು ಅಲ್ಲಿಂದ ಏಳಬೇಕು. ಮಂಚದ ಎರಡು ಪಕ್ಕದ ನಡೆದಾಡುವ ಜಾಗದ ಮೇಲಕ್ಕೋ, ಕಾಲಿನ ಕಡೆಗೋ ಸರಿಸಿ. ಕಾಲಿನ ಕಡೆಯ ಲೈಟುಗಳು ಮಾತ್ರ ಆಳದವಾಗಿರಲಿ, ಏಕೆಂದರೆ ಮಲಗಿದಾಗ ಕಣ್ಣು ಸಹಜವಾಗಿ ಅತ್ತಲೇ ಹೋಗುತ್ತದೆ. ಹಳೆಯ ತೂತು ಮುಚ್ಚಲು ಜಿಪ್ಸಮ್ ಬೋರ್ಡಿನಿಂದ ಕತ್ತರಿಸಿ ತೆಗೆದ ದುಂಡು ಬಿಲ್ಲೆಗಳೇ ಸಾಕು: ಹಿಂದೆ ಅಡ್ಡಪಟ್ಟಿ ಕೊಟ್ಟು ಸ್ಕ್ರೂ ಬಿಗಿದು, ಜಾಲರಿ ಟೇಪು ಅಂಟಿಸಿ ಪುಟ್ಟಿ ಹಚ್ಚಿದರೆ ಗುರುತು ಸಿಗುವುದಿಲ್ಲ. ಸೀಲಿಂಗ್ ಕೆಲಸದವರು ಆ ಬಿಲ್ಲೆಗಳನ್ನು ಕಸದ ಜೊತೆ ಗುಡಿಸಿ ಹಾಕುವ ಮೊದಲು ನಾಲ್ಕನ್ನು ಎತ್ತಿಟ್ಟುಕೊಂಡವರು ಜಾಣರು.

ಸರಿಸುವುದು ಆಗದ ಮಾತು ಅನ್ನುವುದಾದರೆ, ಆ ಒಂದೆರಡು ಲೈಟುಗಳನ್ನಾದರೂ ಬೇರೆ ಸ್ವಿಚ್ಚಿಗೆ ಹಾಕಿಸಿ. ಆರೂ ಲೈಟು ಒಂದೇ ಸ್ವಿಚ್ಚಿನಲ್ಲಿರುವುದು ನನ್ನ ಲೆಕ್ಕದಲ್ಲಿ ಅದೇ ಒಂದು ದೋಷ. ಬೀರುವಿನದು ಒಂದು, ಸುತ್ತಲಿನದು ಒಂದು, ಓದುವುದಕ್ಕೆ ಒಂದು ಅಂತ ಮೂರಾಗಿ ಒಡೆದು, ಸುತ್ತಲಿನದಕ್ಕೆ ಬಾಗಿಲ ಬಳಿಯೂ ಹಾಸಿಗೆಯ ಬಳಿಯೂ ಟೂ ವೇ ಸ್ವಿಚ್ ಇದ್ದರೆ ಅರ್ಧ ದೂರು ಹುಟ್ಟುವುದೇ ಇಲ್ಲ.

ಇಷ್ಟೊಂದು ಲೈಟಿದ್ದರೂ ಕತ್ತಲೆ

ಮೊದಲು ವ್ಯಾಟನ್ನು ಮರೆತುಬಿಡಿ. ಅದು ಲೈಟು ತಿನ್ನುವ ಕರೆಂಟಿನ ಅಳತೆ, ಕೊಡುವ ಬೆಳಕಿನದಲ್ಲ. ಡಬ್ಬಿಯ ಮೇಲೆ ಲೂಮೆನ್ (ಹೊರಬರುವ ಬೆಳಕಿನ ಅಳತೆ) ಎಷ್ಟು ಅಂತ ನೋಡಿ. 3.6 ಮೀಟರ್‌ಗೆ 3 ಮೀಟರ್ ರೂಮು ಅಂದರೆ 10.8 ಚದರ ಮೀಟರ್. ಮಲಗುವ ಕೋಣೆಯ ಓಡಾಟಕ್ಕೆ 100ರಿಂದ 150 ಲಕ್ಸ್, ಅಂದರೆ ಚದರ ಮೀಟರಿಗೆ ಅಷ್ಟು ಲೂಮೆನ್, ಸಾಕು. ನಡುವೆ 120 ಅಂತ ಹಿಡಿದರೆ ಕೆಳಗೆ ತಲುಪಬೇಕಾದದ್ದು ಸುಮಾರು 1300 ಲೂಮೆನ್. ಗೋಡೆ, ಬಟ್ಟೆ, ಧೂಳು ಎಲ್ಲ ಸೇರಿ ಅರ್ಧದಷ್ಟನ್ನು ನುಂಗುತ್ತವೆ ಅಂದುಕೊಂಡರೆ ಸೀಲಿಂಗಿನಿಂದ 2600 ಹೊರಡಬೇಕು. 450 ಲೂಮೆನ್‌ನ ಆರು ಲೈಟಿಗೆ ಲೆಕ್ಕ ಸರಿಯಾಗುತ್ತದೆ. ನಿಮ್ಮ ರೂಮಿನಲ್ಲಿ ಈ ಲೆಕ್ಕ ಸರಿಯಿದ್ದೂ ಕತ್ತಲೆ ಅನ್ನಿಸುತ್ತಿದ್ದರೆ ಇನ್ನಷ್ಟು ಲೈಟು ಸೇರಿಸಬೇಡಿ. ತಪ್ಪು ಬೇರೆ ಕಡೆ ಇದೆ.

ಬಹುತೇಕ ಅದು ಬೆಳಕು ಹರಡುವ ಕೋನದಲ್ಲಿರುತ್ತದೆ. ಅಂಗಡಿಯಲ್ಲಿ ಸಾಲಾಗಿ ಉರಿಸಿಟ್ಟಾಗ ಚಂದ ಕಾಣುವುದು ಕಿರಿದಾದ ಕೋನದ ಲೈಟು. ಅದನ್ನು ತಂದು ರೂಮಿನಲ್ಲಿ ಹಾಕಿದರೆ ಹಾಸಿಗೆಯ ಎತ್ತರದಲ್ಲಿ, ಮೇಲಿನ 2.1 ಮೀಟರ್ ಲೆಕ್ಕದಲ್ಲೇ, 24 ಡಿಗ್ರಿಯದು 90 ಸೆಂ.ಮೀ. ಅಗಲದ ವೃತ್ತವನ್ನು ಮಾತ್ರ ಬೆಳಗಿಸುತ್ತದೆ. 36 ಡಿಗ್ರಿಯದು ಸುಮಾರು 1.35 ಮೀಟರ್, 60 ಡಿಗ್ರಿಯದು 2.4 ಮೀಟರ್. ಎರಡು ಲೈಟುಗಳ ನಡುವೆ 1.5 ಮೀಟರ್ ಅಂತರ ಇಟ್ಟು 24 ಡಿಗ್ರಿಯವನ್ನು ಹಾಕಿದರೆ ನೆಲದ ಮೇಲೆ ಚಿರತೆಯ ಮೈಯಂತೆ ಚುಕ್ಕೆ ಚುಕ್ಕೆ ಬೆಳಕು. ಚುಕ್ಕೆಯೊಳಗೆ ಬೇಕಾದ್ದಕ್ಕಿಂತ ಹೆಚ್ಚು ಬೆಳಕು, ಹೊರಗೆ ಕತ್ತಲೆ, ಒಟ್ಟು ಲೂಮೆನ್ ಮಾತ್ರ ಸರಿ!

ಇನ್ನೊಂದು ಕಾರಣ ಗೋಡೆಗಳು. ರೂಮು ಬೆಳಕಾಗಿದೆ ಅಂತ ಕಣ್ಣು ತೀರ್ಮಾನಿಸುವುದು ನೆಲ ನೋಡಿ ಅಲ್ಲ, ಎದುರಿನ ಗೋಡೆ ನೋಡಿ. ಡೌನ್‌ಲೈಟು ಕೆಳಕ್ಕೇ ಸುರಿಯುವ ದೀಪ. ಗೋಡೆಯ ಮೇಲ್ಭಾಗ ಕಪ್ಪಾಗಿ ಉಳಿದು ಗುಹೆಯಲ್ಲಿ ಕೂತಂತೆ ಅನ್ನಿಸುತ್ತದೆ. ಪರೀಕ್ಷೆಗೆ, ಕಪ್ಪಾಗಿ ಕಾಣುವ ಗೋಡೆಯ ಮೇಲೆ ಒಂದು ಬಿಳಿ ಹಾಳೆ ಹಿಡಿಯಿರಿ. ಹಾಳೆ ಬೆಳ್ಳಗೆ ಹೊಳೆದರೆ ಬೆಳಕು ಅಲ್ಲಿಗೆ ಬರುತ್ತಿದೆ, ಬಣ್ಣ ಅದನ್ನು ಕುಡಿಯುತ್ತಿದೆ. ಹಾಳೆಯೂ ಮಂಕಾಗಿದ್ದರೆ ಬೆಳಕೇ ಬರುತ್ತಿಲ್ಲ. ಎರಡನೆಯದಾದರೆ ಒಂದು ಗೋಡೆಯ ಸಾಲನ್ನಾದರೂ ಅಗಲ ಕೋನದ್ದೋ, ಬಾಗಿಸಿ ಗೋಡೆಗೆ ತಿರುಗಿಸಬಲ್ಲದ್ದೋ ಮಾಡಿ. ಗೋಡೆಗೆ ತೀರಾ ಹತ್ತಿರ, ಒಂದು ಗೇಣು ದೂರದಲ್ಲಿ ಕೂರಿಸಿದರೆ ಗೋಡೆಯ ಮೇಲೆ ಕಮಾನು ಕಮಾನಾಗಿ ಬೆಳಕು ಬಿದ್ದು ಗಾರೆಯ ಪ್ರತಿ ಉಬ್ಬುತಗ್ಗು ಎದ್ದು ಕಾಣುತ್ತದೆ ಅನ್ನುವುದೂ ನೆನಪಿರಲಿ. ಆ ಕಮಾನುಗಳನ್ನು ಕೆಲವರು ಬೇಕೆಂದೇ ಮಾಡಿಸುತ್ತಾರೆ. ಅದು ಅವರವರ ರುಚಿ.

ಬೀರುವಿನ ಮುಂದಿನ ಕತ್ತಲೆಗೆ ಬೇರೆಯೇ ಕಾರಣ. ಲೈಟು ನಿಂತವರ ಬೆನ್ನ ಹಿಂದಿದ್ದರೆ ಅವರ ನೆರಳೇ ಬಟ್ಟೆಯ ಮೇಲೆ ಬೀಳುತ್ತದೆ. ಬೀರುವಿಗೆ ಅಂಟಿಕೊಂಡಂತಿದ್ದರೆ ತೆರೆದ ಬಾಗಿಲೇ ಅಡ್ಡ ಬರುತ್ತದೆ. ಬೀರುವಿನ ಮುಖದಿಂದ 50ರಿಂದ 60 ಸೆಂ.ಮೀ. ದೂರ ಸಾಮಾನ್ಯವಾಗಿ ಎರಡೂ ತೊಂದರೆ ತಪ್ಪಿಸುತ್ತದೆ. ಕನ್ನಡಿಯ ಮುಂದೆ ಮುಖದ ಕಣ್ಣುಗುಳಿಗಳು ಕಪ್ಪಾಗಿ ಕಾಣುವುದಕ್ಕಂತೂ ಸೀಲಿಂಗಿನಲ್ಲಿ ಮದ್ದೇ ಇಲ್ಲ. ಕನ್ನಡಿಯ ಎರಡೂ ಪಕ್ಕ, ಮುಖದ ಎತ್ತರಕ್ಕೆ ಬೆಳಕು ಬೇಕು.

ಫ್ಯಾನ್ ಹಾಕಿದರೆ ಮಾತ್ರ ಮಿಟುಕುತ್ತದೆ

ಗೆಳೆಯನೊಬ್ಬನ ಮನೆಯಲ್ಲಿ ಇದೇ ದೂರಿಗೆ ಒಂದೊಂದಾಗಿ ನಾಲ್ಕು ಡ್ರೈವರ್ ಬದಲಾಗಿದ್ದವು. ಫ್ಯಾನಿನ ರೆಗ್ಯುಲೇಟರಿನಿಂದ ಲೈಟಿಗೆ ತೊಂದರೆ ಆಗುತ್ತಿದೆ ಅಂತ ಅದನ್ನೂ ಬದಲಿಸಿದ್ದರು. ನಾನು ಹೋದಾಗ ಮಾಡಿದ್ದು ಇಷ್ಟೇ: ಮಂಚದ ಮೇಲೆ ಮಲಗಿ ಮೇಲೆ ನೋಡಿದೆ. ಎರಡು ಲೈಟುಗಳು ರೆಕ್ಕೆಯ ಹಿಂದೆ ಹೋಗಿ ಹೋಗಿ ಬರುತ್ತಿದ್ದವು. ಲೈಟಿಗೂ ದೋಷವಿಲ್ಲ, ಫ್ಯಾನಿಗೂ ಇಲ್ಲ. ರೆಕ್ಕೆ ಬೆಳಕನ್ನು ಕೊಚ್ಚುತ್ತಿತ್ತು.

ಮೂರು ರೆಕ್ಕೆಯ ಫ್ಯಾನ್ ನಿಮಿಷಕ್ಕೆ 300 ಸುತ್ತು ತಿರುಗಿದರೆ ಸೆಕೆಂಡಿಗೆ 15 ಸಲ ನೆರಳು ಹಾಯುತ್ತದೆ. ಕಣ್ಣಿಗೆ ಚೆನ್ನಾಗಿ ಗೊತ್ತಾಗುವ, ತಲೆನೋವು ತರುವ ವೇಗ ಅದು. ಫ್ಯಾನಿನ ವೇಗ ಕಡಿಮೆ ಮಾಡಿದಾಗ ಮಿಟುಕೂ ನಿಧಾನವಾದರೆ ಅನುಮಾನವೇ ಬೇಡ, ಇದೇ ಕಾರಣ. 1200 ಮಿ.ಮೀ. ಫ್ಯಾನಿನ ರೆಕ್ಕೆ ನಡುವಿನಿಂದ 60 ಸೆಂ.ಮೀ. ಚಾಚಿರುತ್ತದೆ. ಅದು ಸೀಲಿಂಗಿಗಿಂತ 30 ಸೆಂ.ಮೀ. ಕೆಳಗಿದ್ದರೆ, 60 ಡಿಗ್ರಿಯ ಲೈಟಿನ ಬೆಳಕು ಅಷ್ಟು ಕೆಳಗೆ ಬರುವಾಗ ಪಕ್ಕಕ್ಕೆ 17 ಸೆಂ.ಮೀ. ಹರಡಿರುತ್ತದೆ. ಎರಡೂ ಸೇರಿ 77. ಕೋನದ ಅಂಚಿನಾಚೆಗೂ ಮಂದ ಬೆಳಕು ಚೆಲ್ಲುತ್ತದಾದ್ದರಿಂದ ಫ್ಯಾನಿನ ನಡುವಿನಿಂದ ಒಂದು ಮೀಟರ್ ಒಳಗೆ ಯಾವ ಲೈಟೂ ಬೇಡ ಅಂತ ನಾನು ಗೆರೆ ಹಾಕಿಕೊಂಡಿದ್ದೇನೆ. ಸಣ್ಣ ರೂಮಿನಲ್ಲಿ ಇದು ಕಷ್ಟ. ಆಗ ಲೈಟಿನ ಸಂಖ್ಯೆಯನ್ನು ಆರರಿಂದ ನಾಲ್ಕಕ್ಕೆ ಇಳಿಸಿ ನಾಲ್ಕು ಮೂಲೆಗೆ ಸರಿಸುವುದೇ ವಾಸಿ.

ಬಣ್ಣ ಹೊಂದುತ್ತಿಲ್ಲ

ಒಂದು ಲೈಟು ಹಳದಿ, ಪಕ್ಕದ್ದು ಬಿಳಿ. ಬದಲಿಸುವಾಗ ಕೆಲ್ವಿನ್ (ಬೆಳಕು ಹಳದಿಗೆ ವಾಲುತ್ತದೆಯೋ ನೀಲಿಗೋ ಅನ್ನುವ ಅಳತೆ) ನೋಡದೆ ತಂದದ್ದು ಕಾರಣ. ಮಲಗುವ ಕೋಣೆಗೆ 2700ರಿಂದ 3000 ಕೆಲ್ವಿನ್ ಹಿತ; 6500 ಹಾಕಿದರೆ ಆಸ್ಪತ್ರೆಯ ವಾರ್ಡ್ ಆಗುತ್ತದೆ. ನಂಬರು ಒಂದೇ ಇದ್ದರೂ ಬೇರೆ ಬೇರೆ ಕಂಪನಿಯವು ಸ್ವಲ್ಪ ಹಸಿರಿಗೋ ಗುಲಾಬಿಗೋ ವಾಲುತ್ತವೆ. ಹಾಗಾಗಿ ಮೊದಲೇ ಒಂದೆರಡು ಹೆಚ್ಚುವರಿ ತಂದಿಟ್ಟುಕೊಳ್ಳಿ. ಚರ್ಮ, ಬಟ್ಟೆಯ ಬಣ್ಣ ಸತ್ತಂತೆ ಕಾಣುತ್ತಿದ್ದರೆ ಅದು ಕೆಲ್ವಿನ್ ದೋಷವಲ್ಲ, ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಅಂತ ಹೇಳುವ ಸಿಆರ್‌ಐ ಕಡಿಮೆ ಇರುವುದು. ಬೀರುವಿನ ಮುಂದೆಯಾದರೂ 90ರ ಮೇಲಿನದು ಇರಲಿ.

ಹಳೆಯ ಲೈಟೊಂದು ತಾನಾಗಿಯೇ ನೀಲಿ ನೇರಳೆಗೆ ತಿರುಗಿದರೆ ಕಥೆ ಬೇರೆ. ಬಿಳಿ ಎಲ್‌ಇಡಿಯೊಳಗೆ ಇರುವುದು ಸಾಮಾನ್ಯವಾಗಿ ನೀಲಿ ಬೆಳಕು ಕೊಡುವ ಪುಟ್ಟ ಎಲೆಕ್ಟ್ರಾನಿಕ್ ಚಿಪ್ಪು. ಮೇಲಿನ ಹಳದಿ ಫಾಸ್ಫರ್ ಲೇಪ ಅದನ್ನು ಬಿಳಿಯಾಗಿಸುತ್ತದೆ. ಶಾಖಕ್ಕೆ ಲೇಪ ಕೆಟ್ಟರೆ ಒಳಗಿನ ನೀಲಿ ಇಣುಕುತ್ತದೆ. ರಿಪೇರಿಯಿಲ್ಲ, ಬದಲಿಸಿ, ಮೇಲೆ ಗಾಳಿಯಾಡುತ್ತಿದೆಯೇ ಅಂತಲೂ ನೋಡಿ.

ಈಗ ಕರೆಂಟಿನ ಕಡೆಗೆ

ಇಲ್ಲಿಂದ ಮುಂದೆ ಸ್ವಿಚ್ ಆರಿಸಿದರೆ ಸಾಲದು, ಆ ಲೈನಿನ ಎಂಸಿಬಿ (ಮೇನ್ ಪೆಟ್ಟಿಗೆಯಲ್ಲಿ ಇಡೀ ಲೈನನ್ನು ಕಡಿಯುವ ಸ್ವಿಚ್) ಇಳಿಸಬೇಕು. ಸ್ವಿಚ್ ಆರಿಸಿದ ಮೇಲೂ ಲೈಟಿನ ವೈರಿನಲ್ಲಿ ಕರೆಂಟ್ ಇರುವುದಕ್ಕೆ ಎಷ್ಟೋ ಕಾರಣಗಳಿವೆ, ಒಂದನ್ನು ಮುಂದೆ ಹೇಳುತ್ತೇನೆ. ಟೆಸ್ಟರನ್ನು ಮೊದಲು ಕರೆಂಟ್ ಇರುವುದು ಖಚಿತವಿರುವ ಕಡೆ ಉರಿಸಿ ನೋಡಿ, ಆಮೇಲೆ ಲೈಟಿನ ವೈರಿಗೆ ಹಚ್ಚಿ. ಇಳಿಸಿದ ಮೇಲೆ ಒಂದು ನಿಮಿಷ ಬಿಟ್ಟು ಮುಟ್ಟಿ, ಡ್ರೈವರಿನೊಳಗೆ ಕರೆಂಟ್ ಹಿಡಿದಿಡುವ ಕೆಪಾಸಿಟರ್ ಖಾಲಿಯಾಗಲಿ. ಸುಟ್ಟ ಪ್ಲಾಸ್ಟಿಕ್ ವಾಸನೆ, ಸೀಲಿಂಗಿನಲ್ಲಿ ಕಂದು ಕಲೆ, ನೀರಿನ ಒದ್ದೆ, ಇವುಗಳಲ್ಲಿ ಯಾವುದು ಕಂಡರೂ ನೀವೇ ಬಿಚ್ಚಬೇಡಿ, ಎಲೆಕ್ಟ್ರಿಷಿಯನ್‌ನನ್ನು ಕರೆಯಿರಿ.

ಒಂದು ಲೈಟು ಮಾತ್ರ ಹತ್ತದಿದ್ದರೆ ಅದಲುಬದಲು ಪರೀಕ್ಷೆಯಷ್ಟು ಒಳ್ಳೆಯದು ಇನ್ನೊಂದಿಲ್ಲ. ಕೆಟ್ಟದ್ದನ್ನು ಡ್ರೈವರ್ ಸಮೇತ ತೆಗೆದು ಪಕ್ಕದ ಒಳ್ಳೆಯ ಜಾಗದಲ್ಲಿ ಹಾಕಿ, ಒಳ್ಳೆಯದನ್ನು ಇಲ್ಲಿ ಹಾಕಿ. ದೋಷ ಲೈಟಿನ ಜೊತೆ ಹೋದರೆ ಲೈಟಿನದು. ಜಾಗದಲ್ಲೇ ಉಳಿದರೆ ವೈರಿನದು. ಲೈಟಿನದೇ ಆದರೆ ಮುಂದೆ ಡ್ರೈವರೋ ಎಲ್‌ಇಡಿಯೋ ಅಂತ ನೋಡಬೇಕು. ಒಳ್ಳೆಯ ಲೈಟಿನ ಡ್ರೈವರನ್ನು ಎರವಲು ತಂದು ಹಾಕಿ. ಉರಿದರೆ ಹಳೆಯ ಡ್ರೈವರ್ ಸತ್ತಿದೆ. ಉರಿಯದಿದ್ದರೆ ಎಲ್‌ಇಡಿ ಹಲಗೆಯನ್ನು ನೋಡಿ: ಹಳದಿ ಚುಕ್ಕೆಗಳಲ್ಲಿ ಒಂದರ ನಡುವೆ ಸೂಜಿಮೊನೆಯಷ್ಟು ಕಪ್ಪು ಕಾಣಿಸಬಹುದು. ಚಿಪ್ಪುಗಳು ಒಂದರ ಹಿಂದೊಂದು ಸರಪಳಿಯಂತೆ ಜೋಡಿಸಿರುವುದರಿಂದ ಒಂದು ಕಡಿದರೆ ಎಲ್ಲವೂ ಆರುತ್ತವೆ.

ಡ್ರೈವರ್ ಮತ್ತು ಎಲ್‌ಇಡಿ ನಡುವಿನ ಪುಟ್ಟ ಪಿನ್ನನ್ನು ಮಾತ್ರ ಕರೆಂಟ್ ಇರುವಾಗ ಸಿಕ್ಕಿಸಬೇಡಿ, ಕೀಳಬೇಡಿ. ಎಲ್‌ಇಡಿ ಇಲ್ಲದೆ ಉರಿಯುವ ಡ್ರೈವರಿನ ಬಾಯಲ್ಲಿ ವೋಲ್ಟೇಜು ಏರಿ ಕೂತಿರುತ್ತದೆ. ಸಿಕ್ಕಿಸಿದ ಕ್ಷಣ ಅದೆಲ್ಲ ಎಲ್‌ಇಡಿಗೆ ನುಗ್ಗಿ ಒಳ್ಳೆಯದನ್ನೂ ಸುಡುತ್ತದೆ. ಬದಲಿ ಡ್ರೈವರ್ ಕೊಳ್ಳುವಾಗ ವ್ಯಾಟ್ ಹೊಂದಿದರೆ ಸಾಲದು. ಮೇಲೆ ಬರೆದಿರುವ ಮಿಲಿಆಂಪ್ ಹೊಂದಬೇಕು, ಎಲ್‌ಇಡಿಯ ವೋಲ್ಟೇಜು ಅದರ ವ್ಯಾಪ್ತಿಯಲ್ಲಿರಬೇಕು. 300 ಮಿಲಿಆಂಪ್ ಬೇಕಾದ ಕಡೆ 450ರದ್ದು ಹಾಕಿದರೆ ಮೊದಲ ದಿನ ಲೈಟು ಹಿಂದೆಂದಿಗಿಂತ ಝಗಝಗಿಸುತ್ತದೆ, ಎಲ್ಲರೂ ಮೆಚ್ಚುತ್ತಾರೆ. ಆಮೇಲೆ ಬೇಗನೆ ಸಾಯುತ್ತದೆ.

ಮೂರನೆಯ ಲೈಟಿನಿಂದ ಮುಂದಿನವೆಲ್ಲ ಆರಿದ್ದರೆ ಎರಡರಿಂದ ಮೂರಕ್ಕೆ ಕರೆಂಟ್ ಒಯ್ಯುವ ವೈರು, ಅಂದರೆ ಲೂಪ್, ಬಿಟ್ಟಿದೆ. ಬಿಚ್ಚಬೇಕಾದದ್ದು ಆ ಎರಡು ತೂತುಗಳನ್ನು ಮಾತ್ರ. ಇಲ್ಲಿ ಟೆಸ್ಟರ್ ಒಂದು ಮೋಸ ಮಾಡುತ್ತದೆ: ನ್ಯೂಟ್ರಲ್ ಕಡಿದಿದ್ದರೆ, ಸ್ವಿಚ್ ಹಾಕಿದಾಗ ಮುಂದಿನ ಲೈಟುಗಳ ಎರಡೂ ವೈರಿನಲ್ಲಿ ಟೆಸ್ಟರ್ ಉರಿಯುತ್ತದೆ. "ಫೇಸ್ ಎರಡೂ ಕಡೆ ಬಂದಿದೆ" ಅಂತ ಗಾಬರಿ ಬೀಳುತ್ತಾರೆ. ಫೇಸು ಲೈಟಿನೊಳಗಿಂದ ಹಾದು, ಮರಳಲು ದಾರಿಯಿಲ್ಲದೆ ನ್ಯೂಟ್ರಲ್ ವೈರಿನಲ್ಲಿ ಬಂದು ನಿಂತಿರುತ್ತದೆ ಅಷ್ಟೆ. ನ್ಯೂಟ್ರಲ್ ಅಂತ ನಂಬಿ ಆ ವೈರನ್ನು ಮುಟ್ಟಿದರೆ ಹೊಡೆಯುತ್ತದೆ.

ಉರಿದು ಆರಿ, ಆರಿ ಉರಿಯುವ ಲೈಟು

ಇದು ನನ್ನ ರೂಮಿನ ಕಥೆ. ನಾಲ್ಕನೆಯ ನಂಬರು ರಾತ್ರಿ ಹಾಕಿದ ಇಪ್ಪತ್ತು ನಿಮಿಷಕ್ಕೆ ಆರುತ್ತಿತ್ತು. ಹತ್ತು ನಿಮಿಷ ಬಿಟ್ಟು ತಾನೇ ಹತ್ತುತ್ತಿತ್ತು. ಶಾಖದ ತೊಂದರೆ ಅಂತ ಯಾರು ಬೇಕಾದರೂ ಹೇಳುತ್ತಾರೆ. ನಾನೂ ಹಾಗೇ ಹೇಳಿ ಹೊಸ ಲೈಟು ತಂದೆ. ಅದೂ ಹಾಗೇ ಮಾಡಿತು. ಇನ್ನೊಂದು ತಂದೆ. ಮೇಲೆ ಹೇಳಿದ ಅದಲುಬದಲು ಪರೀಕ್ಷೆ ನನಗೆ ಗೊತ್ತಿಲ್ಲದ್ದೇನಲ್ಲ, ಏಣಿ ಎರಡನೇ ಸಲ ಹತ್ತುವ ಸೋಮಾರಿತನ ಅಷ್ಟೆ.

ಮೂರನೇ ಸಲ ಕನೆಕ್ಟರನ್ನು ಕೈಯಲ್ಲಿ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದೆ. ಸ್ಕ್ರೂ ಬಿಗಿಯಾಗಿಯೇ ಇತ್ತು. ಆದರೆ ಅದು ಬಿಗಿಹಿಡಿದಿದ್ದು ತಾಮ್ರವನ್ನಲ್ಲ, ವೈರಿನ ಮೇಲಿನ ಪ್ಲಾಸ್ಟಿಕ್ಕನ್ನು. ಸುಲಿದದ್ದು ಕಡಿಮೆಯಾಗಿ, ತಾಮ್ರದ ಒಂದೇ ಎಳೆ ಹಿತ್ತಾಳೆಗೆ ಒರಗಿಕೊಂಡಿತ್ತು. ಆ ಎಳೆಯ ತುದಿ ಕಪ್ಪಗೆ, ಸುತ್ತಲಿನ ಪ್ಲಾಸ್ಟಿಕ್ ಜೇನಿನ ಬಣ್ಣಕ್ಕೆ ತಿರುಗಿತ್ತು. ಬಿಸಿಯಾದಾಗ ಹಿಗ್ಗಿ ಬಿಡುತ್ತಿತ್ತು, ತಣ್ಣಗಾದಾಗ ಮತ್ತೆ ತಾಗುತ್ತಿತ್ತು. ವೈರನ್ನು ಒಂದು ಸೆಂ.ಮೀ. ಸುಲಿದು, ಎಳೆಗಳನ್ನು ಹೊಸೆದು, ಹೊಸ ಕನೆಕ್ಟರಿಗೆ ಹಾಕಿ, ಎಳೆದು ನೋಡಿ ಬಿಟ್ಟೆ. ಅಂದಿನಿಂದ ಬಿಗಿದ ಪ್ರತಿ ವೈರನ್ನೂ ಒಮ್ಮೆ ಎಳೆದು ನೋಡದೆ ಸೀಲಿಂಗಿನೊಳಗೆ ತಳ್ಳುವುದಿಲ್ಲ.

ನಿಜವಾಗಿಯೂ ಶಾಖದ ತೊಂದರೆಯೇ ಇದ್ದರೆ ಹೇಗೆ ಗೊತ್ತಾಗುತ್ತದೆ? ಲೈಟನ್ನು ತೂತಿನಿಂದ ಹೊರಗೆಳೆದು ತೂಗುಬಿಟ್ಟು, ಕೈ ತಾಗದಂತೆ ಒಂದು ಗಂಟೆ ಉರಿಸಿ. ಹೊರಗೆ ಆರದೆ ಒಳಗೆ ಮಾತ್ರ ಆರಿದರೆ ಶಾಖ. ಡ್ರೈವರ್ ಲೈಟಿನ ಬೆನ್ನ ಮೇಲೇ ಮಲಗಿರಬಹುದು, ಇಲ್ಲವೇ ಮೇಲೆ ಹೊದಿಸಿದ ಶಾಖನಿರೋಧಕ ಹತ್ತಿಯಡಿ ಹೂತಿರಬಹುದು. ಅಂಥ ಹೊದಿಕೆಯಡಿ ಇಡಲು ತಕ್ಕ ಲೈಟು ಅಂತ ತಯಾರಕರು ಹೇಳಿರದಿದ್ದರೆ ಸುತ್ತಲೂ ಅವರು ಬರೆದಷ್ಟು ಜಾಗ ಬಿಡಲೇಬೇಕು. ಡ್ರೈವರನ್ನು ಪಕ್ಕಕ್ಕೆ ಒಂದಡಿ ಸರಿಸಿದರೂ ಆಯಸ್ಸು ಹೆಚ್ಚುತ್ತದೆ. ಅದರೊಳಗಿನ ಕೆಪಾಸಿಟರ್ ಶಾಖ 10 ಡಿಗ್ರಿ ಏರಿದರೆ ಅರ್ಧ ಆಯಸ್ಸಿಗೆ ಸಾಯುತ್ತದೆ ಅನ್ನುವುದು ಎಲೆಕ್ಟ್ರಾನಿಕ್ಸ್‌ನ ಹಳೆಯ ಲೆಕ್ಕ. ಡಬ್ಬಿಯ ಮೇಲಿನ 25,000 ಗಂಟೆ ಬಹುಮಟ್ಟಿಗೆ ಎಲ್‌ಇಡಿಯ ಲೆಕ್ಕ. ಮೊದಲು ಹೋಗುವುದು ಡ್ರೈವರ್.

ಮಿಣುಕು, ಗುಂಯ್‌ಗುಟ್ಟು, ಆರದ ಬೆಳಕು

ಫ್ಯಾನ್ ಇಲ್ಲದೆಯೂ ಮಿಣುಕಿದರೆ ಮೊದಲು ಎಲ್ಲವೂ ಒಟ್ಟಿಗೆ ಮಿಣುಕುತ್ತವೆಯೇ, ಒಂದು ಮಾತ್ರವೇ ನೋಡಿ. ಒಂದೇ ಆದರೆ ಜಾಯಿಂಟು ಅಥವಾ ಡ್ರೈವರ್. ಎಲ್ಲವೂ ಆದರೆ ಡಿಮ್ಮರ್ ಇದೆಯೇ? "40ರಿಂದ 400 ವ್ಯಾಟ್" ಅಂತ ಬರೆದ ಹಳೆಯ ಡಿಮ್ಮರ್ ತಂತಿ ಬಲ್ಬಿಗೆ ಮಾಡಿದ್ದು. 7 ವ್ಯಾಟಿನ ಆರು ಲೈಟು ಸೇರಿ 42 ಆಯಿತಲ್ಲ ಅಂದರೆ ಅದಕ್ಕೆ ಒಪ್ಪಿಗೆಯಿಲ್ಲ. ಎಲ್‌ಇಡಿ ಡ್ರೈವರ್ ಕರೆಂಟನ್ನು ಬಲ್ಬಿನಂತೆ ಒಂದೇ ಸಮ ಎಳೆಯುವುದಿಲ್ಲ, ಗುಟುಕು ಗುಟುಕಾಗಿ ಎಳೆಯುತ್ತದೆ, ಡಿಮ್ಮರ್ ನಡುನಡುವೆ ಹಿಡಿತ ಬಿಡುತ್ತದೆ. ಪರೀಕ್ಷೆಗೆ ಅದೇ ಲೈನಿಗೆ 40 ವ್ಯಾಟಿನ ಒಂದು ತಂತಿ ಬಲ್ಬನ್ನು ಹೋಲ್ಡರಿನಲ್ಲಿ ಜೋಡಿಸಿ. ಮಿಣುಕು ನಿಂತರೆ ಅಪರಾಧಿ ಡಿಮ್ಮರ್. ಎಲ್‌ಇಡಿಗೆಂದೇ ಮಾಡಿದ ಟ್ರೇಲಿಂಗ್ ಎಡ್ಜ್ ಡಿಮ್ಮರ್ ಹಾಕಿಸಿ, ಡ್ರೈವರುಗಳೂ ಡಿಮ್ ಆಗುವಂಥವೇ ಅಂತ ಖಚಿತ ಮಾಡಿಕೊಳ್ಳಿ. ಒಂದಿದ್ದು ಒಂದಿಲ್ಲದಿದ್ದರೆ ಕೆಲಸವಿಲ್ಲ. ಗುಂಯ್ ಅನ್ನುವ ಸದ್ದಿಗೂ ಬಹುಪಾಲು ಇದೇ ಮದ್ದು. ಫ್ಯಾನಿನ ರೆಗ್ಯುಲೇಟರನ್ನೇ ಲೈಟಿಗೆ ಹಾಕಿರುವುದನ್ನೂ ಕಂಡಿದ್ದೇನೆ. ಅದನ್ನು ಕಿತ್ತುಹಾಕಿ ಅನ್ನುವುದಕ್ಕಿಂತ ಹೆಚ್ಚು ಹೇಳುವುದಿಲ್ಲ.

ಹಳೆಯ 12 ವೋಲ್ಟಿನ ಹ್ಯಾಲೋಜನ್ ತೆಗೆದು ಅದೇ ಟ್ರಾನ್ಸ್‌ಫಾರ್ಮರಿಗೆ ಎಲ್‌ಇಡಿ ಹಾಕಿದರೂ ಹೀಗೇ ಮಿಣುಕುತ್ತದೆ. ಅಂಥ ಎಲೆಕ್ಟ್ರಾನಿಕ್ ಟ್ರಾನ್ಸ್‌ಫಾರ್ಮರುಗಳಲ್ಲಿ ಎಷ್ಟೋ ಕಡಿಮೆಯೆಂದರೆ 20 ವ್ಯಾಟ್ ಲೋಡು ಕೇಳುತ್ತವೆ. 5 ವ್ಯಾಟಿನ ಎಲ್‌ಇಡಿ ಅವಕ್ಕೆ ಇದ್ದೂ ಇಲ್ಲದಂತೆ.

ಕಣ್ಣಿಗೆ ಮಿಣುಕು ಕಾಣದೆ ಫೋನಿನ ಕ್ಯಾಮೆರಾದಲ್ಲಿ ಮಾತ್ರ ಕಪ್ಪು ಪಟ್ಟಿಗಳು ಓಡಿದರೆ ಅದು 50 ಹರ್ಟ್ಸ್ ಕರೆಂಟಿನ ಜೊತೆ ಸೆಕೆಂಡಿಗೆ 100 ಸಲ ಏರಿಳಿಯುವ ಬೆಳಕು. 60 ಹರ್ಟ್ಸ್ ಇರುವಲ್ಲಿ 120. ವೈರಿಂಗ್ ತಪ್ಪಲ್ಲ, ಡ್ರೈವರಿನ ಕಳಪೆತನ. ಕೆಲವರಿಗೆ ಏನೂ ಅನ್ನಿಸುವುದಿಲ್ಲ, ಕೆಲವರಿಗೆ ತಲೆ ಹಿಡಿಯುತ್ತದೆ. ಮನೆಯ ಬೇರೆ ರೂಮಿನ ಲೈಟುಗಳೂ ಜೊತೆಗೇ ಏರಿಳಿದರೆ, ಅದರಲ್ಲೂ ಕೆಲವು ಮಂಕಾಗಿ ಕೆಲವು ಅತಿಯಾಗಿ ಉಜ್ವಲವಾದರೆ, ಈ ಕೈಪಿಡಿ ಬದಿಗಿಟ್ಟು ಕೂಡಲೇ ಮೇನ್ ಆರಿಸಿ. ಮುಖ್ಯ ನ್ಯೂಟ್ರಲ್ ಸಡಿಲವಾಗಿರುವ ಲಕ್ಷಣ ಅದು. ಮನೆಯ ಉಪಕರಣಗಳೆಲ್ಲ ಸುಡಬಹುದು.

ಸ್ವಿಚ್ ಆರಿಸಿದ ಮೇಲೂ ಮಿಂಚುಹುಳದಷ್ಟು ಬೆಳಕು ಉಳಿದರೆ ಸ್ವಿಚ್ಚಿನಲ್ಲಿ ಕೆಂಪು ಇಂಡಿಕೇಟರ್ ಇದೆಯೇ ನೋಡಿ. ಅದರೊಳಗಿಂದ ಸೋರುವ ಚೂರು ಕರೆಂಟೇ ಎಲ್‌ಇಡಿಗೆ ಸಾಕು. ಇಂಡಿಕೇಟರ್ ಇಲ್ಲದೆ ಟೂ ವೇ ಸ್ವಿಚ್ ಇದ್ದರೆ, ಉದ್ದಕ್ಕೆ ಜೊತೆಜೊತೆಗೆ ಹೋದ ವೈರುಗಳ ನಡುವೆ ತಾಗದೆಯೂ ಚೂರು ಕರೆಂಟ್ ದಾಟಿಸುವ ಕೆಪಾಸಿಟೆನ್ಸ್‌ನಿಂದಲೂ ಹೀಗಾಗುತ್ತದೆ. ಇವೆರಡೂ ಅಪಾಯವಿಲ್ಲದವು, ಲೈಟಿಗೆ ಸಮಾನಾಂತರವಾಗಿ ಇದಕ್ಕೆಂದೇ ಸಿಗುವ ಕೆಪಾಸಿಟರ್ ಹಾಕಿದರೆ ನಿಲ್ಲುತ್ತದೆ. ಮೂರನೆಯ ಕಾರಣ ಮಾತ್ರ ಕೆಟ್ಟದ್ದು: ಸ್ವಿಚ್ಚು ಫೇಸಿನ ಬದಲು ನ್ಯೂಟ್ರಲನ್ನು ಕಡಿಯುತ್ತಿರುವುದು. ಆಗ ಲೈಟು ಆರಿದಂತೆ ಕಂಡರೂ ಸೀಲಿಂಗಿನವರೆಗೆ ಫೇಸ್ ಬಂದು ನಿಂತಿರುತ್ತದೆ. ಎಂಸಿಬಿ ಇಳಿಸದೆ ಮುಟ್ಟಬೇಡಿ ಅಂದದ್ದು ಇದಕ್ಕೇ. ಎಲೆಕ್ಟ್ರಿಷಿಯನ್ ಬಂದು ಬೋರ್ಡಿನಲ್ಲಿ ವೈರು ಬದಲಿಸಬೇಕು.

ಲೈಟು ಹಾಕಿದ ಕ್ಷಣವೇ ಎಂಸಿಬಿ ಟ್ರಿಪ್ ಆದರೆ ಲೈಟಿನ ಸ್ಪ್ರಿಂಗ್ ಕ್ಲಿಪ್ಪಿನಡಿ ವೈರು ಸಿಕ್ಕಿ ಜಜ್ಜಿದೆಯೇ ಮೊದಲು ನೋಡಿ. ಆಮೇಲೆ ಹೊಸ ತೂತು ಕೊರೆದ ಕಡೆ ಹೋಲ್ ಸಾ (ದುಂಡು ಗರಗಸ) ಹಲ್ಲು ಯಾವುದಾದರೂ ವೈರನ್ನು ಕಚ್ಚಿದೆಯೇ ನೋಡಿ. ಮೇಲೆ ಬಚ್ಚಲಿದ್ದರೆ ನೀರಿನ ಮೇಲೂ ಅನುಮಾನ ಇರಲಿ.

ಲೈಟು ಜೋತುಬಿದ್ದಿದ್ದರೆ ತೂತು ದೊಡ್ಡದಾಗಿದೆ, ಇಲ್ಲವೇ ಪದೇಪದೇ ಬಿಚ್ಚಿ ಜಿಪ್ಸಮ್ಮಿನ ಅಂಚು ಪುಡಿಯಾಗಿದೆ. ಕಾಗದ ಮಡಚಿ ತುರುಕುವುದು ಬೇಡ, ಬಿಸಿಯ ಜಾಗ. ಅಗಲ ಅಂಚಿನ ಬಳೆ ಸಿಗುತ್ತದೆ, ಅದನ್ನು ಹಾಕಿ.

ಹೊಸ ತೂತು ಕೊರೆಯುವ ಮುನ್ನ

ಜಾಗ ಬದಲಿಸುವುದೇ ಪರಿಹಾರ ಅಂತ ತೀರ್ಮಾನವಾದರೆ, ಕೊರೆಯುವ ಮೊದಲು ಒಂದು ಸಂಜೆ ನಾಟಕ ಆಡಿ. ಒಬ್ಬರು ಏಣಿಯ ಮೇಲೆ ನಿಂತು, ಗುರುತು ಹಾಕಿದ ಜಾಗದಲ್ಲಿ ಟಾರ್ಚನ್ನು ಸೀಲಿಂಗಿಗೆ ಒತ್ತಿ ಕೆಳಕ್ಕೆ ಬಿಡಲಿ. ಇನ್ನೊಬ್ಬರು ಮಲಗಿ, ಒರಗಿ, ಬೀರು ತೆರೆದು ನೋಡಲಿ. "ಇನ್ನೊಂದು ಗೇಣು ಆಚೆ" ಅನ್ನುವ ಮಾತು ಈಗ ಬಂದರೆ ಒಳ್ಳೆಯದು. ಒಪ್ಪಿಗೆಯಾದ ಮೇಲೆ ಮೇಲಿನ ಕಬ್ಬಿಣದ ಪಟ್ಟಿ ಎಲ್ಲಿ ಹಾದಿದೆ ಅಂತ ಸಣ್ಣ ಅಯಸ್ಕಾಂತ ಎಳೆದು ಹುಡುಕಿ. ಪಟ್ಟಿಗೆ ಹಿಡಿದ ಸ್ಕ್ರೂಗಳು ಅದನ್ನು ಸೆಳೆಯುತ್ತವೆ. ಪಕ್ಕದ ತೂತಿನೊಳಗೆ ಫೋನಿನ ಕ್ಯಾಮೆರಾ ತೂರಿಸಿ ವೈರು, ಪೈಪುಗಳನ್ನೂ ಒಮ್ಮೆ ನೋಡಿಕೊಳ್ಳಿ. ಲೈಟಿನ ಆಳಕ್ಕಿಂತ ಮೇಲೆ ಇನ್ನೂ 5 ಸೆಂ.ಮೀ. ಖಾಲಿ ಇರಲಿ.

ಕೆಲಸ ಮುಗಿದ ದಿನ, ನಂಬರು ಹಾಕಿದ ಆ ಕಾಗದದಲ್ಲೇ ತೂತಿನ ಅಳತೆ, ಡ್ರೈವರಿನ ಮಿಲಿಆಂಪ್, ಕೆಲ್ವಿನ್, ಯಾವ ಲೈಟಿನಿಂದ ಯಾವುದಕ್ಕೆ ಲೂಪ್ ಹೋಗಿದೆ ಅಂತ ಬರೆದು ಎಂಸಿಬಿ ಪೆಟ್ಟಿಗೆಯ ಬಾಗಿಲ ಒಳಗೆ ಅಂಟಿಸಿ. ನಾನು ನನ್ನ ರೂಮಿನದನ್ನು ಅಂಟಿಸಿರುವುದು ಅಲ್ಲೇ. ನಾಲ್ಕನೆಯ ನಂಬರಿನ ಪಕ್ಕದಲ್ಲಿ "ಎಳೆದು ನೋಡು" ಅಂತ ಬರೆದಿದೆ.